ಕಳ್ಳ ಮರಳಿ ದ್ವೀಪಕ್ಕೆ

ಕಳೆದ ಡಿಸೆಂಬರಿನಲ್ಲಿ ಅಮೆರಿಕದಿಂದ ಬಂದಿದ್ದ ದೊಡ್ಡಪ್ಪನ ಮಗ ಹಿಂದಿರುಗುವಾಗ ನನ್ನ ಮಗಳ ಕೈಗೆ ಹಳದಿ ಬಣ್ಣದ ಆಟದ ಯಂತ್ರವೊಂದನ್ನು ಕೊಟ್ಟು ಹೋದ. ಅವನ ಮಗಳಿಗೆ ಹೊಸದು ಬಂದ ಮೇಲೆ ಇದು ಮೂಲೆ ಸೇರಿತ್ತಂತೆ. ನಿಂಟೆಂಡೊ ಸ್ವಿಚ್ ಲೈಟ್ ಎಂಬ ಈ ಯಂತ್ರ ಮಾರುಕಟ್ಟೆಗೆ ಬಂದದ್ದು 2019ರ ಸೆಪ್ಟೆಂಬರ್ 20ರಂದು. ಮುಂದಿನ ತಲೆಮಾರಿನ ಸ್ವಿಚ್ 2 ಕೂಡ 2025ರ ಜೂನ್‌ನಲ್ಲಿ ಬಂದಾಗಿದೆ. ಹಾಗಾಗಿ ನನ್ನ ಈ ಮೊದಲ ಅನಿಸಿಕೆಗಳು ಲೋಕದ ಲೆಕ್ಕದಲ್ಲಿ ಹಲವು ವರ್ಷ ತಡ. ಆದರೆ ಅದರೊಳಗಿದ್ದ ಆಟದ ಮಟ್ಟಿಗೆ ನಾನು ಅದಕ್ಕಿಂತಲೂ ಬಹಳ ತಡವಾಗಿ ಬಂದವನು.

ಆಟದ ಹೆಸರು ‘ದಿ ಲೆಜೆಂಡ್ ಆಫ್ ಜೆಲ್ಡಾ: ಲಿಂಕ್ಸ್ ಅವೇಕನಿಂಗ್’. 1993ರಲ್ಲಿ ಗೇಮ್‌ಬಾಯ್ ಎಂಬ ಪುಟ್ಟ ಯಂತ್ರಕ್ಕಾಗಿ ಬಂದ ಈ ಆಟ ಸ್ವಿಚ್ ಲೈಟ್ ಬಿಡುಗಡೆಯಾದ ದಿನವೇ ಹೊಸ ರೂಪದಲ್ಲಿ ಮತ್ತೆ ಬಂತು. ಹಡಗು ಒಡೆದು ಕೋಹೋಲಿಂಟ್ ಎಂಬ ದ್ವೀಪದ ದಡ ಸೇರುವ ಲಿಂಕ್ ಎಂಬ ಹುಡುಗ. ಬೆಟ್ಟದ ತುದಿಯಲ್ಲೊಂದು ದೈತ್ಯ ಮೊಟ್ಟೆ. ಅದರೊಳಗೆ ನಿದ್ರಿಸುತ್ತಿರುವ ಗಾಳಿಮೀನು. ಎಂಟು ನೆಲಮಾಳಿಗೆಗಳನ್ನು ಹೊಕ್ಕು, ಎಂಟು ವಾದ್ಯಗಳನ್ನು ತಂದು ನುಡಿಸಿದರೆ ಮೀನು ಎಚ್ಚರಗೊಳ್ಳುತ್ತದೆ, ಹುಡುಗ ಪಾರಾಗುತ್ತಾನೆ. ಇಷ್ಟು ಕಥೆ ನನಗೆ 1995ರಲ್ಲೇ ಗೊತ್ತಿತ್ತು. ಮುಂದಿನದು ಗೊತ್ತಾಗದೆ ಉಳಿದುದಕ್ಕೆ ನಾನೇ ಕಾರಣ.

ಆ ವರ್ಷದ ಬೇಸಿಗೆ ರಜೆಗೆ ಅಣ್ಣ ಸಾಗರದ ಅಜ್ಜನ ಮನೆಗೆ ಗೇಮ್‌ಬಾಯ್ ತಂದಿದ್ದ. ಅವನಿಗೆ ಹದಿನಾಲ್ಕು, ನನಗೆ ಹನ್ನೆರಡು. ಅದಕ್ಕೆ ನಾಲ್ಕು ಪೆನ್ಸಿಲ್ ಸೆಲ್ ಬೇಕಿತ್ತು. ಪರದೆಗೆ ಸ್ವಂತ ಬೆಳಕಿರಲಿಲ್ಲವಾದ್ದರಿಂದ ಜಗಲಿಯಲ್ಲಿ ಬಿಸಿಲು ಸರಿದಂತೆ ನಾವೂ ಸರಿಯುತ್ತಿದ್ದೆವು. ಆಟದೊಳಗಿನ ನಾಣ್ಯದ ಹೆಸರು ರುಪಿ. ಇಂಗ್ಲಿಷಿನಲ್ಲಿ ನಮ್ಮ ರೂಪಾಯಿಯನ್ನು ಬರೆಯುವಂತೆಯೇ ಬರೆದಿತ್ತು. ಜಪಾನಿನವರು ನಮ್ಮ ದುಡ್ಡನ್ನೇ ಬಳಸುತ್ತಾರೆಂದು ನಾನು ಹೆಮ್ಮೆಪಟ್ಟಿದ್ದೆ. ಹಳ್ಳಿಯ ಅಂಗಡಿಯಲ್ಲೊಂದು ಬಿಲ್ಲು ಮಾರಾಟಕ್ಕಿತ್ತು, ಬೆಲೆ 980 ರುಪಿ. ಅಣ್ಣನ ಬಳಿ ಮುನ್ನೂರರಷ್ಟಿತ್ತು. ಅಂಗಡಿಯವನ ಸುತ್ತ ಸುಳಿದಾಡಿ, ಅವನು ಬೇರೆಡೆ ನೋಡುವಾಗ ಬಾಗಿಲು ದಾಟಿದರೆ ಬಿಲ್ಲು ಪುಕ್ಕಟೆ ಸಿಗುತ್ತದೆ ಎಂದು ಅವನೇ ಹೇಳಿದ್ದ. ಹಾಗೆ ಮಾಡಬಾರದು ಎಂದೂ ಹೇಳಿದ್ದ.

ಒಂದು ಮಧ್ಯಾಹ್ನ ಅವನು ಮಲಗಿದ್ದಾಗ ನಾನು ಮಾಡಿದೆ. ಹೊರಬಂದ ಕೂಡಲೇ, ನಿನ್ನ ಬಗ್ಗೆ ನಿನಗೆ ಹೆಮ್ಮೆಯೇ ಎಂಬರ್ಥದ ಪ್ರಶ್ನೆಯೊಂದು ಪರದೆಯ ಮೇಲೆ ಮೂಡಿತು. ಅಲ್ಲಿಂದಾಚೆ ಊರಿನವರೆಲ್ಲ ನನ್ನನ್ನು, ಅಂದರೆ ಅಣ್ಣನನ್ನು, ಕಳ್ಳ ಎಂದೇ ಕರೆಯತೊಡಗಿದರು. ಅವನು ಉಳಿಸಿಟ್ಟಿದ್ದ ಆಟದಲ್ಲಿ ಅವನ ಹೆಸರಿದ್ದ ಜಾಗದಲ್ಲೂ ಅದೇ ಪದ. ಗಾಬರಿಯಾಗಿ ಬಿಲ್ಲನ್ನು ವಾಪಸು ಕೊಡಲೆಂದು ಅಂಗಡಿಗೆ ಓಡಿದೆ. ವಾಪಸು ಪಡೆಯುವ ಏರ್ಪಾಡು ಆ ಆಟದಲ್ಲಿಲ್ಲ. ಅಂಗಡಿಯವನು ಒಳಗೆ ಬಂದ ಕಳ್ಳನನ್ನು ಮಿಂಚು ಹೊಡೆಸಿ ಕೊಂದ. ಏನು ಮಾಡುವುದೆಂದು ತಿಳಿಯದೆ ಆ ಸಾವನ್ನೂ ಸೇವ್ ಮಾಡಿದೆ. ಅಣ್ಣ ಅಲ್ಲಿಯವರೆಗೆ ಒಮ್ಮೆಯೂ ಸಾಯದೆ ಆಡಿದ್ದ. ಹಾಗೆ ಮುಗಿಸಿದವರಿಗೆ ಕೊನೆಯಲ್ಲಿ ವಿಶೇಷವೇನೋ ಕಾಣಿಸುತ್ತದೆಂದು ಅವನಿಗೆ ಶಾಲೆಯಲ್ಲಿ ಯಾರೋ ಹೇಳಿದ್ದರು. ಎದ್ದು ನೋಡಿದವನು ಬೈಯಲಿಲ್ಲ. ಸೆಲ್ಲುಗಳನ್ನು ತೆಗೆದು ಅಜ್ಜನಿಗೆ ಕೊಟ್ಟುಬಿಟ್ಟ. ಆಮೇಲೆ ನಾವು ಎಷ್ಟೋ ಸಲ ಭೇಟಿಯಾಗಿದ್ದೇವೆ. ಆ ಮಾತು ಮಾತ್ರ ಬಂದಿರಲಿಲ್ಲ.

ಗೇಮ್‌ಬಾಯ್ 1989ರಲ್ಲಿ ಬಂದಾಗಲೇ ಹಿಂದುಳಿದ ಯಂತ್ರ. 160 ಅಡ್ಡ, 144 ಉದ್ದ ಚುಕ್ಕಿಗಳ ಪರದೆ, ಹಸಿರು ಮಿಶ್ರಿತ ಬೂದಿಯ ನಾಲ್ಕೇ ಛಾಯೆ. ಅದೇ ವರ್ಷ ಬಂದ ಅಟಾರಿ ಲಿಂಕ್ಸ್‌ಗೆ ಬಣ್ಣದ ಪರದೆಯಿತ್ತು. ಆದರೆ ಗೇಮ್‌ಬಾಯ್ ರೂಪಿಸಿದ ಗುನ್ಪೆ ಯೊಕೊಯಿ ಹಳತಾಗಿ ಅಗ್ಗವಾದ ತಂತ್ರಜ್ಞಾನಕ್ಕೆ ಹೊಸ ಉಪಯೋಗ ಹುಡುಕಬೇಕೆಂದು ನಂಬಿದ್ದವರು. ಬಣ್ಣವಿಲ್ಲದ್ದರಿಂದಲೇ ಅದರ ಸೆಲ್ಲುಗಳು ಹೆಚ್ಚು ಬಾಳುತ್ತಿದ್ದವು, ಬೆಲೆಯೂ ಕಡಿಮೆಯಿತ್ತು. ಬಣ್ಣದ ಪ್ರತಿಸ್ಪರ್ಧಿಗಳು ಸೋತವು; ಗೇಮ್‌ಬಾಯ್ ಮತ್ತು ಅದರ ಬಣ್ಣದ ಆವೃತ್ತಿ ಸೇರಿ ಹನ್ನೊಂದು ಕೋಟಿಗೂ ಹೆಚ್ಚು ಮಾರಾಟವಾದವು. ಲಿಂಕ್ಸ್ ಅವೇಕನಿಂಗ್ ಹುಟ್ಟಿದ್ದೂ ಇಂಥದೇ ಬಡತನದಲ್ಲಿ. ಕಜುಅಕಿ ಮೊರಿತಾ ಎಂಬ ಪ್ರೋಗ್ರಾಮರ್ ಕೆಲಸದ ವೇಳೆ ಮುಗಿದ ಮೇಲೆ, ಯಾರ ಅಪ್ಪಣೆಯೂ ಇಲ್ಲದೆ, ಈ ಪುಟ್ಟ ಯಂತ್ರದಲ್ಲಿ ಏನೇನು ಸಾಧ್ಯ ಎಂದು ನೋಡತೊಡಗಿದರು. ಒಬ್ಬೊಬ್ಬರಾಗಿ ಸಹೋದ್ಯೋಗಿಗಳು ಸೇರಿಕೊಂಡರು. ನಿರ್ದೇಶಕ ತಕಾಶಿ ತೆಜುಕಾ ಆಗ ಜನಪ್ರಿಯವಾಗಿದ್ದ ‘ಟ್ವಿನ್ ಪೀಕ್ಸ್’ ಎಂಬ ಅಮೆರಿಕದ ಟಿ.ವಿ. ಧಾರಾವಾಹಿಯಂತೆ, ಒಂದು ಸಣ್ಣ ಊರು ಮತ್ತು ಅಲ್ಲಿನ ಕೆಲವೇ ವಿಚಿತ್ರ ಮನುಷ್ಯರ ಕಥೆ ಇರಲಿ ಎಂದರು.

ಇಷ್ಟೆಲ್ಲ ನೆನಪು ಹೊತ್ತು ಹಳದಿ ಯಂತ್ರವನ್ನು ಕೈಗೆತ್ತಿಕೊಂಡೆ. 275 ಗ್ರಾಂ ತೂಕ, ಐದೂವರೆ ಇಂಚಿನ ಬೆಳಗುವ ಪರದೆ. ರಾತ್ರಿ ದೀಪವಾರಿಸಿದ ಕೋಣೆಯಲ್ಲೂ ಆಡಬಹುದು ಎಂಬುದೇ ನನಗೆ ಮೊದಲ ಅಚ್ಚರಿ. ಗುಂಡಿಗಳು ನನ್ನ ಹೆಬ್ಬೆರಳಿಗೆ ತುಸು ಚಿಕ್ಕವು. ಒಂದು ಗಂಟೆಯ ನಂತರ ಕಿರುಬೆರಳುಗಳು ನೋಯುತ್ತವೆ. ಇದು ಯಂತ್ರದ ದೋಷವೋ ವಯಸ್ಸಿನದೋ ಹೇಳಲಾರೆ.

ದ್ವೀಪ ಕಣ್ಣೆದುರು ತೆರೆದುಕೊಂಡಾಗ ನೆನಪಾದದ್ದು ದಸರಾ ಬೊಂಬೆಗಳು. ಅರಗು ಮೆತ್ತಿದ ಚನ್ನಪಟ್ಟಣದ ಆಟಿಕೆಗಳಂತೆ ಹೊಳೆಯುವ ನುಣುಪು ಮನುಷ್ಯರು, ಮೆಟ್ಟಿಲ ಮೇಲೆ ಜೋಡಿಸಿಟ್ಟಂಥ ಮರ, ಮನೆ, ಕೋಳಿ. ಪರದೆಯ ಮೇಲಂಚು ಕೆಳಂಚು ಮಸುಕು, ನಡು ಮಾತ್ರ ಸ್ಪಷ್ಟ. ಹೊಸ ಜಾಗಕ್ಕೆ ಕಾಲಿಡುವಾಗ ಚಿತ್ರ ಒಂದು ಕ್ಷಣ ತೊದಲುತ್ತದೆ, ಅಷ್ಟು ಅಪೇಕ್ಷಿತವಲ್ಲದ ಸಂಗತಿ. ನಮ್ಮಲ್ಲಿ 1971ರ ‘ಕಸ್ತೂರಿ ನಿವಾಸ’ಕ್ಕೆ 2014ರಲ್ಲಿ ಬಣ್ಣ ಹಚ್ಚಿ ಬಿಡುಗಡೆ ಮಾಡಿದ್ದು ಓದುಗರಿಗೆ ನೆನಪಿರಬಹುದು. ಈ ಆಟಕ್ಕೂ 1998ರಲ್ಲಿ ಅಂಥ ಬಣ್ಣದ ಲೇಪ ಆಗಿತ್ತು. 2019ರದು ಬೇರೆಯೇ ಕೆಲಸ: ಗ್ರೆಜೊ ಎಂಬ ಸಂಸ್ಥೆ ನಕ್ಷೆಯನ್ನೂ ಕಥೆಯನ್ನೂ ಹಾಗೆಯೇ ಇಟ್ಟುಕೊಂಡು ಉಳಿದುದೆಲ್ಲವನ್ನೂ ಬುನಾದಿಯಿಂದ ಕಟ್ಟಿದೆ. ಯಾವ ಪೊದೆಯ ಹಿಂದೆ ಯಾವ ಗುಹೆ ಎಂಬುದು ನನ್ನ ಕೈಗಳಿಗೆ ಇನ್ನೂ ನೆನಪಿತ್ತು.

ಕಳೆದುಹೋದದ್ದು ಒಂದಿದೆ. ಹಳೆಯ ಆಟದಲ್ಲಿ ದ್ವೀಪ ಪುಟ್ಟ ಪುಟ್ಟ ಚೌಕಗಳಾಗಿ ತುಂಡಾಗಿತ್ತು. ಪರದೆಯ ಅಂಚಿಗೆ ಹೋದಾಗ ಮಾತ್ರ ಪಕ್ಕದ ಚೌಕ ಸರಿದು ಬರುತ್ತಿತ್ತು. ಆ ಅಂಚಿನಾಚೆ ಏನಿದೆ ಎಂಬುದು ದಾಟುವ ತನಕ ಗೊತ್ತಿಲ್ಲ. ಜಗಲಿಯಲ್ಲಿ ನಾವಿಬ್ಬರೂ ‘ಹೋಗೋಣ್ವಾ, ಬೇಡ್ವಾ’ ಎಂದು ಚರ್ಚಿಸಿದ್ದು ಎಷ್ಟು ಸಲವೋ. ಈಗ ಬಯಲಿನಲ್ಲಿ ದೃಶ್ಯ ತಡೆಯಿಲ್ಲದೆ ಹರಿಯುತ್ತದೆ, ಬರಲಿರುವ ಅಪಾಯ ದೂರದಿಂದಲೇ ಕಾಣುತ್ತದೆ. ದ್ವೀಪ ಚೆಲುವಾಗಿದೆ, ಚಿಕ್ಕದೂ ಆಗಿದೆ. ಇನ್ನೊಂದು ಬದಲಾವಣೆಗೆ ಮಾತ್ರ ನಾನು ಋಣಿ. ಗೇಮ್‌ಬಾಯ್‌ನಲ್ಲಿ ಎರಡೇ ಗುಂಡಿ ಇದ್ದುದರಿಂದ ಒಂದು ಕಲ್ಲೆತ್ತಬೇಕಾದರೂ ಕತ್ತಿಯನ್ನೋ ಗುರಾಣಿಯನ್ನೋ ಇಳಿಸಿಡಬೇಕಿತ್ತು. ಈಗ ಅವಕ್ಕೆಲ್ಲ ಪ್ರತ್ಯೇಕ ಗುಂಡಿಗಳಿವೆ.

ಮುಂದೆ ಆಡಬೇಕೆಂದಿರುವವರು ಈ ಪ್ಯಾರಾ ಬಿಟ್ಟು ಓದಬಹುದು. ಆರನೆಯ ನೆಲಮಾಳಿಗೆಗೆ ಹೋಗುವ ಮುನ್ನ, ಪಾಳುಗುಡಿಯೊಂದರ ಗೋಡೆಯ ಮೇಲಿನ ಬರಹ ಹೇಳುತ್ತದೆ: ಈ ದ್ವೀಪವೆಂಬುದು ಗಾಳಿಮೀನಿನ ಕನಸು. ಮೀನು ಎದ್ದರೆ ದ್ವೀಪವಿಲ್ಲ. ದಡದಲ್ಲಿ ಬಿದ್ದಿದ್ದ ಲಿಂಕ್‌ನನ್ನು ಮನೆಗೆ ತಂದು ಉಪಚರಿಸಿದ ಮರಿನ್ ಎಂಬ ಹುಡುಗಿ, ಅವಳ ಹಾಡು, ಅಂಗಡಿಯವನು, ಅವನ 980 ರುಪಿಯ ಬಿಲ್ಲು, ಎಲ್ಲವೂ ಇಲ್ಲವಾಗುತ್ತವೆ. ಇದುವರೆಗೆ ಕೊಂದ ರಾಕ್ಷಸರೆಲ್ಲ ತಮ್ಮ ಲೋಕ ಉಳಿಸಿಕೊಳ್ಳಲು ಹೆಣಗುತ್ತಿದ್ದವರು. ಮರಿನ್‌ಗೆ ಕಡಲ ಹಕ್ಕಿಯಾಗಿ ಆಚೆಯ ಲೋಕ ನೋಡುವಾಸೆ. ಆಟ ಬಿಟ್ಟುಬಿಟ್ಟರೆ ಅವಳು ಉಳಿಯುತ್ತಾಳೆ, ಆದರೆ ಎಂದಿಗೂ ದ್ವೀಪ ದಾಟುವುದಿಲ್ಲ. ಮಕ್ಕಳ ಆಟವೊಂದು, ಅದೂ ನಾಲ್ಕು ಛಾಯೆಯ ಪರದೆಯಲ್ಲಿ, 1993ರಲ್ಲೇ ಇಂಥ ಇಕ್ಕಟ್ಟನ್ನು ಕಟ್ಟಿಕೊಟ್ಟಿತ್ತು ಎಂಬುದು ನನಗೆ ಗೊತ್ತಿರಲಿಲ್ಲ. ಏಳೆಂಟು ದಿನ ಆ ಮೊಟ್ಟೆಯ ಬಳಿಗೆ ಹೋಗದೆ ಸುಮ್ಮನೆ ಮೀನು ಹಿಡಿಯುತ್ತ ಕಾಲ ಕಳೆದೆ. ಒಂದು ರಾತ್ರಿ ಎಂಟೂ ವಾದ್ಯಗಳನ್ನು ನುಡಿಸಿದೆ. ಮನೆಗಳು, ಮರಗಳು, ಜನ ಬೆಳಕಿನಲ್ಲಿ ಕರಗಿದರು. ಮೂರನೆಯ ನೆಲಮಾಳಿಗೆಯಲ್ಲಿ ಒಮ್ಮೆ ಸತ್ತಿದ್ದೆನಾದ್ದರಿಂದ, ಸಾಯದೆ ಮುಗಿಸಿದವರಿಗೆ ಕಾಣುವ ಹಕ್ಕಿ ನನಗೂ ಕಾಣಲಿಲ್ಲ.

ಮರುದಿನ ಅಣ್ಣನಿಗೆ ಫೋನ್ ಮಾಡಿದೆ. “ಆ ಬಿಲ್ಲು ಕದ್ದಿದ್ದು ನೆನಪಿದೆಯಾ ಅಣ್ಣ?”

“ಮರೆಯೋದು ಹ್ಯಾಗೆ ಮಾರಾಯ? ರಜೆಯೆಲ್ಲ ಸಾಯದೆ ಆಡಿದ್ದೆ” ಎಂದ. ತಪ್ಪಾಯಿತು ಎಂದೆ. ಆ ಕಡೆ ಸ್ವಲ್ಪ ಹೊತ್ತು ಮೌನ. ಆಮೇಲೆ ಹೇಳಿದ: ಕೆಲವು ವರ್ಷಗಳ ಹಿಂದೆ ಮನೆ ಬದಲಿಸುವಾಗ ಆ ಹಳೆಯ ಕ್ಯಾಸೆಟ್ಟು ಸಿಕ್ಕಿತಂತೆ, ಹಾಕಿ ನೋಡಿದನಂತೆ. ಆಟ ಉಳಿಸಿಡುವ ಮೂರೂ ಜಾಗ ಖಾಲಿ. “ನಿನ್ನ ಕಳ್ಳತನಕ್ಕೆ ಈಗ ಸಾಕ್ಷಿಯೇ ಇಲ್ಲ” ಎಂದು ನಕ್ಕ. ನನಗೆ ಅಷ್ಟು ಸಲೀಸಾಗಿ ನಗಲಾಗಲಿಲ್ಲ.

ಆ ಕ್ಯಾಸೆಟ್ಟಿನೊಳಗೆ ನಾಣ್ಯದಂಥ ಬ್ಯಾಟರಿಯೊಂದಿರುತ್ತದೆ. ಯಂತ್ರ ಆರಿದಾಗಲೂ ಆಡಿದ್ದರ ನೆನಪನ್ನು ಕಾಯುವುದು ಅದೇ. ವರ್ಷಗಳು ಕಳೆದು ಅದು ಬರಿದಾದರೆ ನೆನಪೂ ಹೋಯಿತು. ಆಟಗಳ ಗತಿಯೂ ಹೆಚ್ಚುಕಡಿಮೆ ಹೀಗೆಯೇ. ಅಮೆರಿಕದಲ್ಲಿ 2010ಕ್ಕೆ ಮುನ್ನ ಬಿಡುಗಡೆಯಾದ ವಿಡಿಯೊ ಆಟಗಳಲ್ಲಿ ಶೇ 87ರಷ್ಟು ಈಗ ಮಾರುಕಟ್ಟೆಯಲ್ಲಿಲ್ಲ ಎಂದು ವಿಡಿಯೊ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ವರದಿ ಮಾಡಿತು. ಅದೇ ವರ್ಷ ಮಾರ್ಚ್‌ನಲ್ಲಿ ನಿಂಟೆಂಡೊ 3ಡಿಎಸ್ ಯಂತ್ರದ ಆನ್‌ಲೈನ್ ಅಂಗಡಿ ಮುಚ್ಚಿತು. 1998ರ ಬಣ್ಣದ ಲಿಂಕ್ಸ್ ಅವೇಕನಿಂಗ್ ಅಲ್ಲಿ ಮಾರಾಟಕ್ಕಿತ್ತು. ಅದಕ್ಕೆ ಒಂದು ತಿಂಗಳ ಮೊದಲಷ್ಟೇ ಅದನ್ನು ಸ್ವಿಚ್‌ನ ಚಂದಾ ಸೇವೆಗೆ ಸೇರಿಸಿದ್ದರು. ಚಂದಾ ನಿಂತರೆ ಆಟವೂ ನಿಲ್ಲುತ್ತದೆ. ಹೀಗಿರುವಾಗ ಬಿಡುಗಡೆಯ ಹೊತ್ತಿಗೆ ಅರವತ್ತು ಡಾಲರ್ ಬೆಲೆಯಿದ್ದ ಈ ಬೊಂಬೆ ದ್ವೀಪ ದುಬಾರಿಯೇ ಎಂದು ಕೇಳಿದವರಿಗೆ, ಹೌದು, ದುಬಾರಿ ಎಂದೇ ಹೇಳುತ್ತೇನೆ. ಆದರೂ ಚಂದಾ ಕಟ್ಟದೆ, ಹಳೆಯ ಕ್ಯಾಸೆಟ್ಟಿಗಾಗಿ ಹುಡುಕಾಡದೆ ನನ್ನಂಥವನು ಅಲ್ಲಿಗೆ ಹೋಗಲು ಉಳಿದಿರುವ ದಾರಿ ಇದೊಂದೇ.

ನಾನು ಮುಗಿಸಿದ ಮೇಲೆ ಮಗಳು ತನ್ನ ಹೆಸರಿನಲ್ಲಿ ಹೊಸದಾಗಿ ಆಟ ಶುರು ಮಾಡಿದ್ದಾಳೆ. ನಿನ್ನೆ ಸಂಜೆ ಅವಳು ಅದೇ ಅಂಗಡಿಯಲ್ಲಿದ್ದಳು. ಬಿಲ್ಲನ್ನು ಎತ್ತಿಕೊಂಡು ಅಂಗಡಿಯವನ ಸುತ್ತ ನಿಧಾನವಾಗಿ ಒಂದು ಸುತ್ತು ಹಾಕಿದಳು.

“ಅಪ್ಪ, ಇವನು ಆ ಕಡೆ ನೋಡ್ತಿದಾನೆ” ಎಂದಳು.

“ನಿನ್ನ ಹತ್ತಿರ ಎಷ್ಟಿದೆ?” ಎಂದು ಕೇಳಿದೆ.

“ಇನ್ನೂರ ಹತ್ತು.”