ಡ್ಯಾಶ್‌ಬೋರ್ಡ್ ಯಾರದು?

ಕಾರಿನ ಶೋರೂಮಿಗೆ ಹೋದವರು ಮೊದಲೆಲ್ಲ ಕೇಳುತ್ತಿದ್ದುದು ಒಂದೇ: ‘ಮೈಲೇಜ್ ಎಷ್ಟು ಕೊಡುತ್ತೆ?’ ಈಗ ಅದರ ಬೆನ್ನಿಗೇ ಇನ್ನೊಂದು ಬರುತ್ತದೆ: ‘ಆಂಡ್ರಾಯ್ಡ್ ಆಟೊ ಇದೆಯಾ? ವೈರ್ ಬೇಕಾ, ವೈರ್‌ಲೆಸ್ಸಾ?’ ಜೇಬಿನ ಫೋನಿನಲ್ಲಿರುವ ಮ್ಯಾಪು, ಹಾಡು, ವಾಟ್ಸ್‌ಆ್ಯಪ್ ಎಲ್ಲವೂ ಸ್ಟೀರಿಂಗ್ ಪಕ್ಕದ ಪರದೆಗೆ ಬರಬೇಕೆಂಬುದು ಹತ್ತು ವರ್ಷದಿಂದೀಚಿನ ಬೇಡಿಕೆ. ಆ ಪರದೆಯ ಕಥೆ ಮಾತ್ರ ಇನ್ನೂ ಹಳೆಯದು.

1985ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ‘ಈಟ್ಯಾಕ್ ನ್ಯಾವಿಗೇಟರ್’ ಎಂಬ ಯಂತ್ರ ಮಾರಾಟಕ್ಕೆ ಬಂತು. ಮಾಡಿದವರು ಸ್ಟ್ಯಾನ್ ಹನಿ. ಎಂಜಿನಿಯರ್ ಆಗಿದ್ದ ಅವರು ಹಾಯಿದೋಣಿ ಪಂದ್ಯಗಳಲ್ಲಿ ದಿಕ್ಕು ತೋರುವ ನಾವಿಕರೂ ಹೌದು. ದುಡ್ಡು ಹಾಕಿದವರು ವಿಡಿಯೊ ಗೇಮ್ ಕಂಪನಿ ಅಟಾರಿಯನ್ನು ಕಟ್ಟಿದ ನೋಲನ್ ಬುಶ್ನೆಲ್. ಜನಸಾಮಾನ್ಯರ ಕೈಗೆ ಆಗಿನ್ನೂ ಜಿಪಿಎಸ್ ಬಂದಿರಲಿಲ್ಲ. ಚಕ್ರಗಳಿಗೆ ಅಂಟಿಸಿದ ಸೆನ್ಸರ್ ಎಷ್ಟು ದೂರ ಬಂದೆವೆಂದು ಲೆಕ್ಕ ಹಾಕುತ್ತಿತ್ತು, ದಿಕ್ಸೂಚಿ ಯಾವ ಕಡೆಗೆಂದು ಹೇಳುತ್ತಿತ್ತು. ಕಂಪ್ಯೂಟರು ಎರಡನ್ನೂ ನಕ್ಷೆಯ ರಸ್ತೆಗಳಿಗೆ ಹೊಂದಿಸಿ ಕಾರು ಇರುವ ಜಾಗವನ್ನು ಗುರುತಿಸುತ್ತಿತ್ತು. ನಕ್ಷೆಗಳಿದ್ದುದು ಕ್ಯಾಸೆಟ್ಟಿನಲ್ಲಿ! ಒಂದು ದೊಡ್ಡ ನಗರ ಸುತ್ತಬೇಕೆಂದರೆ ಕ್ಯಾಸೆಟ್ಟುಗಳನ್ನು ಬದಲಿಸುತ್ತಲೇ ಇರಬೇಕಿತ್ತು. ಬೆಲೆ ಸುಮಾರು 1,400 ಡಾಲರ್, ಇನ್ನೂ ದೊಡ್ಡ ಪರದೆ ಬೇಕಾದರೆ ಇನ್ನೂ ಹೆಚ್ಚು.

ಮೈಕ್ರೊನೇಷ್ಯದ ನಾವಿಕರಲ್ಲಿ ಒಂದು ಹಳೆಯ ಕ್ರಮವಿತ್ತು: ದೋಣಿ ನಿಂತಲ್ಲೇ ಇದೆ, ದ್ವೀಪಗಳೇ ಸರಿದುಹೋಗುತ್ತಿವೆ ಎಂದು ಭಾವಿಸಿ ದಾರಿ ಲೆಕ್ಕ ಹಾಕುವುದು. ಯಂತ್ರದ ಹೆಸರು ಬಂದದ್ದು ಅಲ್ಲಿಂದ. ಅದರ ಪರದೆಯಲ್ಲಿ ಕಾರಿನ ಗುರುತು ಕದಲುತ್ತಿರಲಿಲ್ಲ, ಕೆಳಗೆ ನಕ್ಷೆ ತಿರುಗುತ್ತಿತ್ತು. ಇಂದಿನ ಗೂಗಲ್ ಮ್ಯಾಪಿನಲ್ಲೂ ದಾರಿ ಹಿಡಿದು ಹೊರಟಾಗ ಕಾಣುವುದು ಇದೇ ನೋಟ. ಜರ್ಮನಿಯ ಬಾಷ್ ಸಮೂಹ ಈ ತಂತ್ರಜ್ಞಾನದ ಪರವಾನಗಿ ಪಡೆದು ಬ್ಲಾಪಂಕ್ಟ್ ಹೆಸರಿನಲ್ಲಿ ಯುರೋಪಿಗೂ ಒಯ್ದಿತು.

ಕಾರು ಕಂಪನಿಗಳಿಗೂ ಪರದೆಯ ಹುಚ್ಚು ಹತ್ತಿತು. 1986ರ ಬ್ಯೂಯಿಕ್ ರಿವಿಯೆರಾದ ಡ್ಯಾಶ್‌ಬೋರ್ಡಿನಲ್ಲಿ ಮುಟ್ಟಿದರೆ ಕೆಲಸ ಮಾಡುವ ಹಸಿರು ಪರದೆಯೇ ಇತ್ತು. ಎ.ಸಿ., ರೇಡಿಯೊ, ಪ್ರಯಾಣದ ಲೆಕ್ಕ ಎಲ್ಲವೂ ಅದರೊಳಗೆ. ಕೊಂಡವರು ಗೊಣಗಿದರು: ರೇಡಿಯೊದ ದನಿ ಸರಿಮಾಡಲು ರಸ್ತೆಯಿಂದ ಕಣ್ಣು ತೆಗೆಯಬೇಕಲ್ಲ! 1990ರ ಹೊತ್ತಿಗೆ ಗುಂಡಿಗಳೇ ಮರಳಿ ಬಂದವು. ಆ ಗೊಣಗಾಟಕ್ಕೆ ಇವತ್ತಿಗೂ ಉತ್ತರ ಸಿಕ್ಕಿಲ್ಲ.

2000ದ ಮೇ ತಿಂಗಳಲ್ಲಿ ಅಮೆರಿಕ ತನ್ನ ನಾಗರಿಕ ಜಿಪಿಎಸ್ ಸಂಕೇತವನ್ನು ಬೇಕೆಂದೇ ಮಸುಕಾಗಿಸುವುದನ್ನು ನಿಲ್ಲಿಸಿತು. ದಾರಿ ತೋರುವ ಯಂತ್ರಗಳಿಗೆ ಜೀವ ಬಂದದ್ದು ಆಮೇಲೆ. 2007ರಲ್ಲಿ ಐಫೋನ್ ಬಂತು, ಕಾರು ಕಂಪನಿಗಳ ಕಷ್ಟವೂ ಶುರುವಾಯಿತು. ಒಂದು ಕಾರಿನ ಒಳಾಂಗಣ ವಿನ್ಯಾಸವಾಗಿ ರಸ್ತೆಗಿಳಿಯಲು ಮೂರು ನಾಲ್ಕು ವರ್ಷ ಬೇಕು, ಆಮೇಲೆ ಅದು ಹತ್ತು ಹದಿನೈದು ವರ್ಷ ಓಡುತ್ತದೆ. ಫೋನು ಎರಡು ಮೂರು ವರ್ಷಕ್ಕೇ ಹಳತು. ಲಕ್ಷಗಟ್ಟಲೆ ಕೊಟ್ಟು ಕೊಂಡ ಕಾರಿನ ಮ್ಯಾಪಿಗೆ ಹೊಸ ಫ್ಲೈಓವರ್ ಗೊತ್ತಿರುತ್ತಿರಲಿಲ್ಲ, ಜೇಬಿನ ಫೋನಿಗೆ ಗೊತ್ತಿರುತ್ತಿತ್ತು.

ಹಾಗಾದರೆ ಕಾರು ಬರೀ ಪರದೆ ಕೊಡಲಿ, ಬುದ್ಧಿ ಫೋನಿನದಿರಲಿ. ಹೀಗೆ ಮೊದಲು ಹೊರಟವರಲ್ಲಿ ನೋಕಿಯಾ ಒಂದು. ‘ಮಿರರ್‌ಲಿಂಕ್’ ಹೆಸರಿನಲ್ಲಿ ಅದರ ವ್ಯವಸ್ಥೆ ಹಲವು ಕಂಪನಿಗಳ ಸಾಮಾನ್ಯ ಮಾನದಂಡವಾಯಿತು. ಆದರೆ ಅಷ್ಟರಲ್ಲಿ ನೋಕಿಯಾ ಫೋನುಗಳೇ ಸೋತಿದ್ದವು. 2014ರ ಮಾರ್ಚ್‌ನಲ್ಲಿ ಜಿನೀವಾ ಮೋಟಾರು ಪ್ರದರ್ಶನದ ಹೊತ್ತಿಗೆ ಆಪಲ್ ‘ಕಾರ್‌ಪ್ಲೇ’ ಘೋಷಿಸಿತು. ಮೊದಲು ಕೈಜೋಡಿಸಿದವು ಫೆರಾರಿ, ಮರ್ಸಿಡಿಸ್-ಬೆನ್ಜ್, ವೋಲ್ವೊ. ಅದೇ ಜೂನಿನಲ್ಲಿ ಗೂಗಲ್ ‘ಆಂಡ್ರಾಯ್ಡ್ ಆಟೊ’ ತೋರಿಸಿತು. ಭಾರತದಲ್ಲಿ 2015ರ ಮಾರುತಿ ಬಲೆನೊ ಕಾರ್‌ಪ್ಲೇಯನ್ನು ಮಧ್ಯಮ ವರ್ಗದ ಕಾರಿಗೆ ತಂದಿತು.

ಆ್ಯಪ್ ಕಾರಿನೊಳಗೆ ಓಡುತ್ತದೆಂದು ಹಲವರು ತಿಳಿದಿದ್ದಾರೆ. ಹಾಗಲ್ಲ. ಚಿತ್ರ ಬಿಡಿಸುವುದು ಫೋನೇ. ಅದನ್ನು ವಿಡಿಯೊ ಮಾಡಿ ಕೇಬಲ್ ಅಥವಾ ವೈಫೈ ಮೂಲಕ ಕಳಿಸುತ್ತದೆ. ಪರದೆಯಲ್ಲಿ ಬೆರಳು ಎಲ್ಲಿ ಮುಟ್ಟಿತೆಂಬಂಥ ಸುದ್ದಿಯನ್ನು ಕಾರು ವಾಪಸು ಹೇಳುತ್ತದೆ. ದೂರದ ಪ್ರಯಾಣದಲ್ಲಿ ಫೋನು ಬಿಸಿಯಾಗುವುದಕ್ಕೆ ಇದೂ ಒಂದು ಕಾರಣ. ಚಾರ್ಜಿಂಗಿಗೆ ಮಾತ್ರ ಬರುವ ಅಗ್ಗದ ಕೇಬಲ್ ಹಾಕಿದರೆ ಪರದೆ ಸುಮ್ಮನಿರುವುದೂ ಇದಕ್ಕೇ: ಅದರಲ್ಲಿ ಮಾಹಿತಿ ಸಾಗಿಸುವ ತಂತಿ ಇರುವುದಿಲ್ಲ. ಆ್ಯಪ್ ಮಾಡುವವರಿಗೂ ಇಲ್ಲಿ ಪೂರ್ತಿ ಸ್ವಾತಂತ್ರ್ಯವಿಲ್ಲ. ಆಪಲ್, ಗೂಗಲ್ ಕೊಟ್ಟ ಅಚ್ಚಿನೊಳಗೇ ಪರದೆ ರೂಪಿಸಬೇಕು. ಸಂದೇಶವನ್ನು ಓದಿ ಹೇಳಲಾಗುತ್ತದೆ, ಓಡುವಾಗ ವಿಡಿಯೊ ಬರುವುದಿಲ್ಲ.

ಬೆಂಗಳೂರಿನ ಜೆ.ಸಿ. ರೋಡಿನಂಥ ಕಡೆ ಹಳೆ ಕಾರಿಗೆ ಕೂರಿಸಿಕೊಡುವ ‘ಆಂಡ್ರಾಯ್ಡ್ ಸ್ಟೀರಿಯೊ’ ಬೇರೆಯೇ ಸರಕು. ಅದು ಡ್ಯಾಶ್‌ಬೋರ್ಡಿಗೆ ಬಿಗಿದ ಟ್ಯಾಬ್ಲೆಟ್. ಹಲವು ಸ್ಟೀರಿಯೊಗಳಲ್ಲಿ ಕಾರು ಓಡುವಾಗಲೂ ಸಿನಿಮಾ ನೋಡಬಹುದು. ನನ್ನ ಮಟ್ಟಿಗೆ ಅದು ಸೌಲಭ್ಯವಲ್ಲ, ಅಪಾಯ. 2020ರ ಅಕ್ಟೋಬರಿನಿಂದ ಜಾರಿಯಲ್ಲಿರುವ ಕೇಂದ್ರ ಮೋಟಾರು ವಾಹನ ನಿಯಮವೂ ಚಾಲಕನ ಕೈಯ ಫೋನಿಗೆ ದಾರಿ ನೋಡಲು ಮಾತ್ರ, ಗಮನ ಕದಡದಂತೆ, ಅನುಮತಿ ಕೊಡುತ್ತದೆ.

ಒಳ್ಳೆಯ ಪರದೆಯೂ ನಿರಪಾಯವಲ್ಲ. ಬ್ರಿಟನ್ನಿನ ಐಎಎಂ ರೋಡ್‌ಸ್ಮಾರ್ಟ್ ಸಂಸ್ಥೆ 2020ರಲ್ಲಿ ಪ್ರಕಟಿಸಿದ ಸಿಮ್ಯುಲೇಟರ್ ಅಧ್ಯಯನದಲ್ಲಿ ಕಾರ್‌ಪ್ಲೇ, ಆಂಡ್ರಾಯ್ಡ್ ಆಟೊಗಳನ್ನು ಮುಟ್ಟಿ ಬಳಸಿದ ಚಾಲಕರು ಪ್ರತಿಕ್ರಿಯಿಸಲು ಶೇ 50ಕ್ಕಿಂತ ಹೆಚ್ಚು ಸಮಯ ತೆಗೆದುಕೊಂಡರು. ಕಾನೂನಿನ ಮಿತಿಯಷ್ಟು ಮದ್ಯ ಸೇವಿಸಿದವರಲ್ಲಿ ಆ ಏರಿಕೆ ಸುಮಾರು ಶೇ 12. ಗಂಟೆಗೆ 60 ಕಿ.ಮೀ. ವೇಗದಲ್ಲಿ ಎರಡು ಸೆಕೆಂಡು ಪರದೆ ನೋಡಿದರೆ ಕಾರು 33 ಮೀಟರ್ ಮುಂದಿರುತ್ತದೆ.

ಕಾರು ಕಂಪನಿಗಳಿಗೆ ಈಗ ತಾವು ಬಿಟ್ಟುಕೊಟ್ಟ ಜಾಗ ವಾಪಸು ಬೇಕಾಗಿದೆ. ಮುಂದಿನ ವಿದ್ಯುತ್ ಕಾರುಗಳಲ್ಲಿ ಕಾರ್‌ಪ್ಲೇ, ಆಂಡ್ರಾಯ್ಡ್ ಆಟೊ ಎರಡನ್ನೂ ಕೈಬಿಡುವುದಾಗಿ ಜನರಲ್ ಮೋಟಾರ್ಸ್ 2023ರಲ್ಲಿ ಹೇಳಿತು. ಚಂದಾಹಣವೂ ಬಳಕೆಯ ಮಾಹಿತಿಯೂ ಫೋನ್ ಕಂಪನಿಗಳ ಪಾಲಾಗುವುದು ಕಾರು ಕಂಪನಿಗಳಿಗೆ ಇಷ್ಟವಿಲ್ಲ. ಆಪಲ್ ಹೊರಟಿರುವುದು ಎದುರು ದಿಕ್ಕಿಗೆ: 2025ರಲ್ಲಿ ಆಸ್ಟನ್ ಮಾರ್ಟಿನ್ ಕಾರುಗಳಲ್ಲಿ ಬಂದ ‘ಕಾರ್‌ಪ್ಲೇ ಅಲ್ಟ್ರಾ’ ಸ್ಪೀಡೊಮೀಟರನ್ನೂ ತಾನೇ ಬರೆಯುತ್ತದೆ. ಇಬ್ಬರ ವಾದದಲ್ಲೂ ಗ್ರಾಹಕನ ಹೆಸರಿದೆ, ಲೆಕ್ಕ ಮಾತ್ರ ಅವರವರದು. ಮ್ಯಾಪು, ಹಾಡು ಫೋನಿನದಿರಲಿ, ವೈಪರ್, ಎ.ಸಿ. ಕೈಗೆ ಸಿಗುವ ಗುಂಡಿಯಲ್ಲಿರಲಿ ಎಂಬುದು ನನ್ನ ಪಕ್ಷ. ಯುರೋಪಿನ ಸುರಕ್ಷತಾ ಪರೀಕ್ಷೆ ಯೂರೊ ಎನ್‌ಕ್ಯಾಪ್ ಕೂಡ 2026ರಿಂದ ವೈಪರ್, ಹಾರ್ನ್, ಇಂಡಿಕೇಟರಿನಂಥವಕ್ಕೆ ಪ್ರತ್ಯೇಕ ಗುಂಡಿ ಕೇಳುತ್ತಿದೆ.

ಟೆಸ್ಟ್ ಡ್ರೈವಿಗೆ ಹೋಗುವವರು ನಿಮ್ಮದೇ ಫೋನು, ನಿಮ್ಮದೇ ಕೇಬಲ್ ಒಯ್ಯಿರಿ. ಹೊರಡುವ ಮುನ್ನವೇ ದಾರಿ ಹಾಕಿಕೊಳ್ಳಿ. ಆಮೇಲೆ ಪರದೆ ನೋಡದೆ ಎ.ಸಿ. ಹೆಚ್ಚು ಕಡಿಮೆ ಮಾಡಲು ಬರುತ್ತದೆಯೇ ಪರೀಕ್ಷಿಸಿ. ಬಾರದಿದ್ದರೆ ಪರದೆ ಎಷ್ಟೇ ದೊಡ್ಡದಿದ್ದರೂ ಇನ್ನೊಂದು ಕಾರು ನೋಡಿ.