ಮತಪತ್ರದ ಕೆಳಗಿನ ಸಾಲು

ಇಪ್ಪತ್ತೈದು ಲಕ್ಷ ಮತ ಬಿದ್ದ ಚುನಾವಣೆಯಲ್ಲಿ ಗೆಲುವಿನ ಅಂತರ ಬರೀ 280! ಗ್ರಾಮ ಪಂಚಾಯಿತಿಯಲ್ಲಿ ಇಂಥ ಅಂತರ ಕೇಳಿದರೆ ಯಾರೂ ಹುಬ್ಬೇರಿಸುವುದಿಲ್ಲ. ಆದರೆ ಇದು ನಡೆದದ್ದು ಅಮೆರಿಕದ ಅರಿಜೋನಾದಲ್ಲಿ. 2022ರ ನವೆಂಬರ್‌ನಲ್ಲಿ ಇಡೀ ರಾಜ್ಯದ ಜನ ತಮ್ಮ ಅಟಾರ್ನಿ ಜನರಲ್ ಯಾರಾಗಬೇಕೆಂದು ಮತ ಹಾಕಿದಾಗ.

ಸರ್ಕಾರದ ವಕೀಲರನ್ನು ಜನ ಆರಿಸುವುದೇ ನಮಗೆ ಹೊಸ ವಿಷಯ. ನಮ್ಮಲ್ಲಿ ಸಂವಿಧಾನದ 165ನೇ ವಿಧಿಯಂತೆ ಅಡ್ವೊಕೇಟ್ ಜನರಲ್ ಅವರನ್ನು ರಾಜ್ಯಪಾಲರು ನೇಮಿಸುತ್ತಾರೆ. ಸರ್ಕಾರ ಬದಲಾದರೆ ಸಾಮಾನ್ಯವಾಗಿ ಅವರೂ ಬದಲಾಗುತ್ತಾರೆ. ಅಮೆರಿಕದ 50 ರಾಜ್ಯಗಳ ಪೈಕಿ 43ರಲ್ಲಿ ಈ ಹುದ್ದೆಗೆ ಚುನಾವಣೆ ನಡೆಯುತ್ತದೆ. ಹಾಗಾಗಿ ಗವರ್ನರ್ ಒಂದು ಪಕ್ಷ, ಅಟಾರ್ನಿ ಜನರಲ್ ಇನ್ನೊಂದು ಪಕ್ಷ ಆಗಿರುವುದೂ ಉಂಟು. ಇದರಲ್ಲಿ ತೊಡಕೂ ಇದೆ. ಕಾನೂನು ನೋಡಿಕೊಳ್ಳಬೇಕಾದವರು ಪಕ್ಷದ ಟಿಕೆಟ್, ಪ್ರಚಾರದ ಹಣ ಎಂದು ಓಡಾಡಬೇಕಾಗುತ್ತದೆ. ಆದರೂ ಆ ಕುರ್ಚಿಯಲ್ಲಿ ಯಾರಿರಬೇಕು ಎಂಬ ಕೊನೆಯ ಮಾತು ಮತದಾರರದ್ದೇ.

ಅರಿಜೋನಾದಲ್ಲಿ ಡೆಮಾಕ್ರಟಿಕ್ ಪಕ್ಷದ ಕ್ರಿಸ್ ಮೇಯ್ಸ್ ಮತ್ತು ರಿಪಬ್ಲಿಕನ್ ಪಕ್ಷದ ಏಬ್ ಹಮಾದೆ ಎದುರಾಳಿಗಳು. ಮೊದಲ ಎಣಿಕೆಯಲ್ಲಿ ಮೇಯ್ಸ್ 511 ಮತಗಳಿಂದ ಮುಂದಿದ್ದರು. ಅಂತರ ಇಷ್ಟು ಕಡಿಮೆಯಿದ್ದರೆ ಯಾರೂ ಕೇಳದಿದ್ದರೂ ಮರುಎಣಿಕೆ ಆಗಲೇಬೇಕು ಎನ್ನುತ್ತದೆ ಅಲ್ಲಿನ ಕಾನೂನು. ಮರುಎಣಿಕೆಯಲ್ಲಿ ಪಿನಾಲ್ ಕೌಂಟಿಯ ಸಿಬ್ಬಂದಿ ಮೊದಲು ಲೆಕ್ಕಕ್ಕೆ ಸೇರಿಸದೆ ಬಿಟ್ಟಿದ್ದ ನೂರಾರು ಮತಗಳು ಸಿಕ್ಕವು. ಅಂತರ 280ಕ್ಕೆ ಇಳಿಯಿತು. ಅಂದರೆ ಸುಮಾರು ಒಂಬತ್ತು ಸಾವಿರ ಮತಕ್ಕೆ ಒಂದು! ನಮ್ಮ ಲ್ಯಾಬಿನಲ್ಲಿ ಚಿನ್ನದ ಬಣ್ಣದ ಪಟ್ಟಿಯಿರುವ ರೆಸಿಸ್ಟರ್‌ಗೇ ಶೇ 5ರಷ್ಟು ವ್ಯತ್ಯಾಸದ ವಿನಾಯಿತಿ ಇರುತ್ತದೆ. ಇಲ್ಲಿನ ಅಂತರ ಶೇ 0.011.

ನನ್ನನ್ನು ಕಾಡಿದ್ದು 280 ಅಲ್ಲ, ಇನ್ನೊಂದು ಸಂಖ್ಯೆ. ಅಲ್ಲಿನ ಮತಪತ್ರ ನಮ್ಮ ಇವಿಎಂನಂತೆ ಒಂದೇ ಹುದ್ದೆಯದಲ್ಲ. ಸೆನೆಟ್, ಗವರ್ನರ್, ಅಟಾರ್ನಿ ಜನರಲ್, ಖಜಾಂಚಿ, ಕೊನೆಗೆ ಗಣಿ ನಿರೀಕ್ಷಕರವರೆಗೆ ಉದ್ದದ ಪಟ್ಟಿ. ಎಲ್ಲರೂ ಮೇಲಿನ ದೊಡ್ಡ ಹೆಸರುಗಳಿಗೆ ಗುರುತು ಹಾಕುತ್ತಾರೆ. ಕೆಳಗೆ ಬಂದಂತೆ ಕೆಲವರು ಖಾಲಿ ಬಿಡುತ್ತಾರೆ. ಅದೇ ದಿನ ಅದೇ ಮತಪತ್ರದಲ್ಲಿ ಗವರ್ನರ್ ಸ್ಪರ್ಧೆಗೆ ಬಿದ್ದ ಮತಗಳಿಗಿಂತ ಅಟಾರ್ನಿ ಜನರಲ್ ಸ್ಪರ್ಧೆಗೆ ಬಿದ್ದವು ಸುಮಾರು 50 ಸಾವಿರ ಕಡಿಮೆ. ಇವರ್‍ಯಾರೂ ಮತಗಟ್ಟೆಗೆ ಹೋಗದ ಸೋಮಾರಿಗಳಲ್ಲ, ಮತಪತ್ರ ಕೈಯಲ್ಲಿ ಹಿಡಿದವರು. 280ರಲ್ಲಿ ತೀರ್ಮಾನವಾದ ಸ್ಪರ್ಧೆಯಲ್ಲಿ 50 ಸಾವಿರ ಮೌನ!

ಖಾಲಿ ಬಿಟ್ಟ ಆ ಸಾಲು ಏನೇನು ತೀರ್ಮಾನಿಸಿತು ನೋಡಿ. 1864ರ ಗರ್ಭಪಾತ ನಿಷೇಧ ಕಾಯ್ದೆ ಜಾರಿಯಾಗಬಹುದು ಎಂದು 2024ರ ಏಪ್ರಿಲ್‌ನಲ್ಲಿ ಅರಿಜೋನಾದ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಅದರಡಿ ಯಾವ ಮಹಿಳೆ, ಯಾವ ವೈದ್ಯರ ಮೇಲೂ ತಾನು ಮೊಕದ್ದಮೆ ಹೂಡುವುದಿಲ್ಲ ಎಂದು ಮೇಯ್ಸ್ ಘೋಷಿಸಿದರು. ಮರುತಿಂಗಳು ಶಾಸನಸಭೆ ಆ ಕಾಯ್ದೆಯನ್ನೇ ರದ್ದು ಮಾಡಿತು. ಮರುಭೂಮಿಯ ಅಂತರ್ಜಲ ಎತ್ತಿ ಮೇವು ಬೆಳೆಯುವ ಸೌದಿ ಮೂಲದ ಕಂಪನಿಯ ವಿರುದ್ಧ ಅದೇ ವರ್ಷದ ಡಿಸೆಂಬರ್‌ನಲ್ಲಿ ಅವರು ದಾವೆ ಹೂಡಿದರು. ಸುತ್ತಲಿನವರ ಬಾವಿ ಬತ್ತುತ್ತಿದೆ ಎಂಬುದು ಅವರ ಆರೋಪ. ಈ ನಡೆಗಳನ್ನು ನೀವು ಒಪ್ಪಬಹುದು, ಬಿಡಬಹುದು. ಆದರೆ 280 ಮತ ಆಚೆಗೆ ವಾಲಿದ್ದರೆ ಇವನ್ನೆಲ್ಲ ತೀರ್ಮಾನಿಸುವವರು ಬೇರೆಯವರಾಗಿರುತ್ತಿದ್ದರು.

ಎಂಎಸ್ ಮಾಡಲು ಅಮೆರಿಕಕ್ಕೆ ಹೋಗಬೇಕೆಂದಿರುವ ಗೆಳೆಯರೇ, ಈ ಹುದ್ದೆ ನಮ್ಮವರ ಬದುಕನ್ನೂ ತಟ್ಟಿದೆ. 2020ರ ಜುಲೈನಲ್ಲಿ, ಕೋವಿಡ್ ನಡುವೆ, ತರಗತಿ ಪೂರ್ತಿ ಆನ್‌ಲೈನ್ ಆದರೆ ವಿದೇಶಿ ವಿದ್ಯಾರ್ಥಿಗಳು ದೇಶ ಬಿಡಬೇಕು ಎಂದು ಕೇಂದ್ರ ಸರ್ಕಾರ ಹೇಳಿತು. ಹಾರ್ವರ್ಡ್ ಮತ್ತು ಎಂಐಟಿ ಕೋರ್ಟಿಗೆ ಹೋದವು. ಅವುಗಳ ಹಿಂದೆಯೇ 17 ರಾಜ್ಯಗಳ ಅಟಾರ್ನಿ ಜನರಲ್‌ಗಳೂ ಹೋದರು. ಕೆಲವೇ ದಿನಗಳಲ್ಲಿ ಆದೇಶ ವಾಪಸಾಯಿತು. ಆ 17ರಲ್ಲಿ ಅರಿಜೋನಾ ಇರಲಿಲ್ಲ. ಆಗ ಆ ಕುರ್ಚಿಯಲ್ಲಿದ್ದವರು ಬೇರೆ.

ನಮ್ಮಲ್ಲಿ ಅಟಾರ್ನಿ ಜನರಲ್ ಚುನಾವಣೆ ಇಲ್ಲ, ನಿಜ. ಆದರೆ ‘ಕೆಳಗಿನ ಸಾಲು’ ನಮ್ಮಲ್ಲೂ ಇದೆ. ವಿಧಾನ ಪರಿಷತ್ತಿನ 75 ಸ್ಥಾನಗಳಲ್ಲಿ 7 ಪದವೀಧರ ಕ್ಷೇತ್ರಗಳದ್ದು. ಪದವಿ ಮುಗಿದು ಮೂರು ವರ್ಷವಾದವರೆಲ್ಲ ಇಲ್ಲಿ ಮತದಾರರಾಗಬಹುದು. ಬಿಎ, ಬಿಕಾಂ, ಬಿಇ ಎಂಬ ಭೇದವಿಲ್ಲ. ಆದರೆ ವೋಟರ್ ಐಡಿ ಇದ್ದರೆ ಸಾಲದು. ಈ ಪಟ್ಟಿ ಪ್ರತಿ ಚುನಾವಣೆಗೂ ಹೊಸದಾಗಿ ತಯಾರಾಗುತ್ತದೆ. ಹೋದ ಸಲ ಹೆಸರಿದ್ದವರೂ ನಮೂನೆ 18 ತುಂಬಿ ಮತ್ತೆ ಸೇರಬೇಕು. ನೇಮಕಾತಿ ವಿಳಂಬ, ಪರೀಕ್ಷಾ ಅಕ್ರಮ, ಅತಿಥಿ ಉಪನ್ಯಾಸಕರ ಗೋಳು ಎಂದು ನಾವು ದಿನಾ ಮಾತಾಡುತ್ತೇವೆ. ಅದನ್ನು ಸದನದಲ್ಲಿ ಕೇಳಬೇಕಾದ ಏಳು ಜನರನ್ನು ಆರಿಸುವ ಅರ್ಜಿ ಎಷ್ಟು ಜನ ತುಂಬಿದ್ದೇವೆ?

ವಿಧಾನಸಭೆ, ಲೋಕಸಭೆ ಚುನಾವಣೆ ಬಂದರೆ ಮತ ಹಾಕಿ ಎಂದು ಬೀದಿ ಬೀದಿಯಲ್ಲಿ ಕೂಗುತ್ತಾರೆ. ಪದವೀಧರ ಕ್ಷೇತ್ರಕ್ಕೆ, ಪಂಚಾಯಿತಿಗೆ, ವಾರ್ಡಿಗೆ ಹಾಗೆ ಕೂಗುವವರು ಕಡಿಮೆ. ಕೂಗು ಕಡಿಮೆಯಿದ್ದಲ್ಲಿ ಮತಗಳೂ ಕಡಿಮೆ ಬೀಳುತ್ತವೆ. ಮತ ಕಡಿಮೆ ಬಿದ್ದಲ್ಲಿ ಒಂದೊಂದು ಮತದ ತೂಕವೂ ಹೆಚ್ಚುತ್ತದೆ. ಈ ಸರಳ ಗಣಿತಕ್ಕೆ ಕ್ಯಾಲ್ಕುಲೇಟರ್ ಬೇಡ. ನಿಮ್ಮ ಪದವಿಗೆ ಮೂರು ವರ್ಷ ತುಂಬಿದ್ದರೆ ನಮೂನೆ 18 ಎಲ್ಲಿ ಸಿಗುತ್ತದೆ ಎಂದು ಇವತ್ತೇ ವಿಚಾರಿಸಿ. ನನಗಿನ್ನೂ ಐದು ವರ್ಷ ಇದೆ, ಆದರೆ ಮನೆಯಲ್ಲಿ ಪದವೀಧರರಿದ್ದಾರೆ. ಮೊದಲು ಅವರಿಂದ ಅರ್ಜಿ ತುಂಬಿಸುತ್ತೇನೆ.