ರತ್ನಗಂಬಳಿಯ ಕೊಳೆಯೂ ತಿಕ್ಕುವ ಯಂತ್ರವೂ

ನಮ್ಮ ಕಡೆಯ ಮನೆಗಳಲ್ಲಿ ಬಂದವರಿಗೆ ಕೂಡ್ರಲು ಜಮಖಾನೆ ಹಾಸಿ, ಕುಡಿಯಲು ನೀರು ಕೊಟ್ಟ ಮೇಲೆಯೇ ಮುಂದಿನ ಮಾತು. ಕುರಿಯ ಉಣ್ಣೆಯ ಕಂಬಳಿಯಂತೂ ಒಕ್ಕಲಿಗನ ಹೆಗಲಿನ ಸಂಗಾತಿ. ಈಗ ಮಂಗಲ ಕಾರ್ಯಾಲಯಗಳು, ಬ್ಯಾಂಕುಗಳು, ಕಚೇರಿಗಳು ಹೆಚ್ಚಿದಂತೆ ಯಂತ್ರದಲ್ಲಿ ತಯಾರಾದ ರತ್ನಗಂಬಳಿಗಳೂ ಹೆಚ್ಚಿವೆ. ಹಾಸುವವರು ಬಹಳ, ಹಾಸಿದ್ದು ಕೊಳೆಯಾದಾಗ ಅದನ್ನು ಕೆಡಿಸದೆ ತೊಳೆಯುವುದು ಹೇಗೆಂದು ವಿಚಾರಿಸುವವರು ಕಡಿಮೆ.

ಕಲಾ ಕಾಲೇಜಿನ ವಿದ್ಯಾರ್ಥಿಗೆ ಈ ವಿಚಾರವೇಕೆ ಎಂದು ವಾಚಕರು ಕೇಳಬಹುದು. ಕಾರಣವುಂಟು. ಹುನಗುಂದ ತಾಲೂಕಿನ ರಾಮಥಾಳ ನನ್ನೂರು. ಅಲ್ಲಿಯ ಹೆಣ್ಣುಮಕ್ಕಳ ಸ್ವಸಹಾಯ ಸಂಘವೊಂದು ಸಾಲ ತೆಗೆದು, ಹಾಸು ತಿಕ್ಕುವ ಯಂತ್ರವೊಂದನ್ನು ಕೊಂಡು, ಸುತ್ತಲಿನ ಕಾರ್ಯಾಲಯ, ಗುಡಿ, ಮಸೀದಿಗಳ ಹಾಸುಗಳನ್ನು ಸ್ವಚ್ಛ ಮಾಡಿಕೊಡುವ ಉದ್ಯೋಗ ಹಿಡಿಯಬೇಕೆಂದಿದೆ. ನಮ್ಮ ಚಿಗವ್ವನೂ ಅದರ ಸದಸ್ಯೆ. “ತಮ್ಮಾ, ನೀ ಓದಿದಾಂವ. ಯಾವ ಮಷೀನ ತಗೋಬೇಕು, ಯಾವ ಬ್ರಷ್ ಹಾಕಬೇಕು, ತಿಳಕೊಂಡು ಹೇಳು” ಎಂದಳು. ಯಂತ್ರ ತಪ್ಪಿದರೆ ಕಂತು ತಪ್ಪುವುದಿಲ್ಲ. ಅದನ್ನು ಅವರೇ ಕೂಲಿಯ ದುಡ್ಡಿನಲ್ಲಿ ತುಂಬಬೇಕು. ಹತ್ತಿರದ ಪಟ್ಟಣದ ಕಾರ್ಯಾಲಯವೊಂದರಲ್ಲಿ ಒಳ್ಳೆಯ ಉಣ್ಣೆಯ ಹಾಸೊಂದು ಹಾಳಾದುದನ್ನು ನಾನು ಕಂಡಿದ್ದೆ. ಬಾಡಿಗೆಯ ಕೆಲಸಗಾರರು ಫರಸಿ ತಿಕ್ಕುವ ಬಿರುಸು ಬ್ರಷ್ಷನ್ನು ಕಟ್ಟಿ, ಸೋಡಾ ಸುರಿದು ತಿಕ್ಕಿದ್ದರು. ಕೊಳೆಯೇನೋ ಹೋಗಿತ್ತು; ಅದರೊಂದಿಗೆ ಎಳೆಯೂ ಹೋಗಿತ್ತು. ಇಂಥ ನಷ್ಟ ಸಂಘದ ಪಾಲಿಗೆ ಬರಬಾರದೆಂದು ಕೇಳಿ, ಓದಿ ತಿಳಿದುಕೊಂಡುದನ್ನು ಇಲ್ಲಿ ಕ್ರಮವಾಗಿ ಹೇಳುತ್ತೇನೆ.

ಒಟ್ಟು ಮಾತು ಇಷ್ಟೇ: ಯಂತ್ರದ ವಿಚಾರ ಕಡೆಯದು. ಮೊದಲು ಕೊಳೆಯನ್ನು ಅರಿಯಬೇಕು, ಎರಡನೆಯದಾಗಿ ಎಳೆಯನ್ನು, ಮೂರನೆಯದಾಗಿ ಬ್ರಷ್ಷನ್ನು. ಈ ಮೂರು ತಿಳಿದರೆ ಯಂತ್ರ ಯಾವುದೆಂಬುದು ತಾನಾಗಿಯೇ ತಿಳಿಯುತ್ತದೆ.

ಕೊಳೆಯಿಂದ ಆರಂಭಿಸೋಣ. ನಮ್ಮದು ಎರಿ ಭೂಮಿ. ಬೇಸಿಗೆಯಲ್ಲಿ ಬಾಯಿ ಬಿಡುವ, ಮಳೆ ಬಿದ್ದರೆ ಕಾಲಿಗೆ ಮೆತ್ತಿ ಚಪ್ಪಲಿಯನ್ನೇ ಕಿತ್ತುಕೊಳ್ಳುವ ಈ ಮಣ್ಣಿನ ಗುಣಕ್ಕೆ ಕಾರಣ ಅದರಲ್ಲಿಯ ಮಾಂಟ್‌ಮೊರಿಲ್ಲೊನೈಟ್ ಎಂಬ ಜೇಡಿ. ಅದು ನೀರು ಕುಡಿದು ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಹಾಸಿನಲ್ಲಿ ಕೂತ ಒಣ ಎರಿಯ ಧೂಳಿಗೆ ಮೊದಲೇ ನೀರು ಹಾಕಿದರೆ ಧೂಳು ರಾಡಿಯಾಗಿ ಎಳೆಗಳ ಬುಡಕ್ಕೆ ಇಳಿಯುತ್ತದೆ. ಇನ್ನು ಉಸುಕಿನ ಮಾತು. ಉಸುಕಿನಲ್ಲಿರುವ ಬೆಣಚುಕಲ್ಲು ಖನಿಜಗಳ ಕಾಠಿಣ್ಯದ ಮಾಪನದಲ್ಲಿ 7ನೆಯದು. ಕಾಲು ಬಿದ್ದಾಗಲೆಲ್ಲ ಅದರ ಚೂಪಾದ ಅಂಚು ಎಳೆಯ ಬುಡವನ್ನು ಗರಗಸದಂತೆ ಕೊಯ್ಯುತ್ತದೆ. ಹಾಸಿನೊಳಗಿನ ಕೊಳೆಯಲ್ಲಿ ಬಹುಭಾಗ ಇಂಥ ಒಣ ಕಣಗಳೇ. ಆದುದರಿಂದ ನೀರು ಮುಟ್ಟುವ ಮುನ್ನ ಒಣ ಧೂಳನ್ನು ತೆಗೆಯುವುದು ಮೊದಲ ನಿಯಮ. ಹಗ್ಗದ ಮೇಲೆ ಜಮಖಾನೆ ಹಾಕಿ ಹಿಂಬದಿಯಿಂದ ಕೋಲಿನಿಂದ ಬಡಿಯುತ್ತಿದ್ದ ನಮ್ಮ ಅಜ್ಜಿಯರು ಮಾಡುತ್ತಿದ್ದುದು ಇದನ್ನೇ. ಬಡಿಯಲು ಬಾರದ ದೊಡ್ಡ ಹಾಸಿಗೆ ವ್ಯಾಕ್ಯೂಮ್ ಕ್ಲೀನರ್ ಬೇಕು. ಎಣ್ಣೆ, ಚಹ, ಅರಿಷಿಣಗಳ ಕಲೆಗಳ ಮಾತು ಬೇರೆ. ಅವನ್ನು ತಿಕ್ಕುವ ಮೊದಲು ಬಿಳಿಯ ಬಟ್ಟೆಯಿಂದ ಒತ್ತಿ ಹೀರಿಸಬೇಕು. ಕಲೆಯನ್ನು ತಿಕ್ಕಿದರೆ ಅದು ಅಗಲವಾಗುತ್ತದೆಯೇ ಹೊರತು ಅಳಿಯುವುದಿಲ್ಲ.

ಎರಡನೆಯದು ಎಳೆ. ಧಾರವಾಡ ಜಿಲ್ಲೆಯ ನವಲಗುಂದದ ಜಮಖಾನೆಗಳು ಪ್ರಸಿದ್ಧವಾದವು. ಭೌಗೋಳಿಕ ಸೂಚಕದ ಮಾನ್ಯತೆಯನ್ನೂ ಪಡೆದಿವೆ. ಅವುಗಳನ್ನು ಹೆಣ್ಣುಮಕ್ಕಳು ನೆಟ್ಟನೆಯ ಮಗ್ಗದ ಮೇಲೆ ಕೈಯಿಂದ ನೆಯ್ಯುತ್ತಾರೆ. ಅವು ಹತ್ತಿಯವು, ಮೇಲೆ ಜುಂಗು ಇಲ್ಲದ ಚಪ್ಪಟೆ ನೆಯ್ಗೆಯವು. ಹತ್ತಿ ನೆನೆದಾಗ ದುರ್ಬಲವಾಗುವುದಿಲ್ಲ. ಆದರೆ ಕುಗ್ಗಬಹುದು, ಬಣ್ಣ ಬಿಡಬಹುದು. ಉಣ್ಣೆಯದು ಬೇರೆ ಸ್ವಭಾವ. ಅದು ನಮ್ಮ ಕೂದಲಿನಂತೆಯೇ ಕೆರಾಟಿನ್ ಎಂಬ ಪ್ರೋಟೀನು. ನೆನೆದಾಗ ಅದರ ಬಲ ಕುಂದುತ್ತದೆ. ತೀಕ್ಷ್ಣ ಕ್ಷಾರ ಅದನ್ನು ತಿಂದೇ ಬಿಡುತ್ತದೆ. ಬಿಸಿನೀರಿನಲ್ಲಿ ತಿಕ್ಕಿದರೆ ಎಳೆಗೆ ಎಳೆ ಹೆಣೆದುಕೊಂಡು ಗಟ್ಟಿಯಾಗುತ್ತದೆ. ಮೇಲೆ ಹೇಳಿದ ಕಾರ್ಯಾಲಯದ ಹಾಸಿಗೆ ಆದ ಗತಿ ಇದೇ. ನಮ್ಮ ಕಂಬಳಿಗಂತೂ ಹುಣಸೆ ಬೀಜದ ಗಂಜಿ ಕೊಟ್ಟಿರುತ್ತಾರೆ. ತಿಕ್ಕಿ ತೊಳೆದರೆ ಆ ಗಂಜಿಯೂ ಹೋಗಿ ಕಂಬಳಿಯ ಬಿಗಿ ಹೋಗುತ್ತದೆ. ಇನ್ನು ನೈಲಾನು ಗಟ್ಟಿ, ತಿಕ್ಕನ್ನು ತಾಳುತ್ತದೆ. ಪಾಲಿಪ್ರೊಪಿಲೀನು ನೀರನ್ನೇ ಕುಡಿಯುವುದಿಲ್ಲ, ಆದರೆ ಎಣ್ಣೆಯನ್ನು ಬಿಡಲೊಲ್ಲದು.

ಇವನ್ನು ಗುರುತಿಸಲು ಪ್ರಯೋಗಶಾಲೆ ಬೇಕಿಲ್ಲ. ಹಾಸಿನ ಮೂಲೆಯಿಂದ ಒಂದೆರಡು ಎಳೆ ಕಿತ್ತು, ಚಿಮುಟದಲ್ಲಿ ಹಿಡಿದು, ಬೇರೆ ಜಾಗದಲ್ಲಿ ಸುಡಬೇಕು. ಕೂದಲು ಸುಟ್ಟ ವಾಸನೆ ಬಂದರೆ ಉಣ್ಣೆ ಅಥವಾ ರೇಷ್ಮೆ. ಕಾಗದ ಸುಟ್ಟ ವಾಸನೆ ಬಂದು ಹಗುರ ಬೂದಿಯಾದರೆ ಹತ್ತಿ ಅಥವಾ ಸೆಣಬು. ಕರಗಿ ಗುಂಡಾಗಿ ಗಟ್ಟಿಯಾದರೆ ಕೃತಕ ಎಳೆ. ಕೃತಕ ಎಳೆಯನ್ನು ನೀರಿನ ಬಟ್ಟಲಲ್ಲಿ ಅದ್ದಿ ಬಿಟ್ಟರೆ ಪಾಲಿಪ್ರೊಪಿಲೀನು ತೇಲುತ್ತದೆ, ನೈಲಾನು ಮುಳುಗುತ್ತದೆ. ಇದರೊಂದಿಗೆ ಹಾಸಿನ ಬೆನ್ನನ್ನೂ ನೋಡಬೇಕು. ಬೆನ್ನಿಗೆ ಸೆಣಬು ಇದ್ದರೆ, ಹೆಚ್ಚು ನೆನೆದಾಗ ಕುಗ್ಗುತ್ತದೆ. ಅದರ ಕಂದು ಬಣ್ಣ ಮೇಲಕ್ಕೆ ಏರಿ ಹಾಸಿನ ಮುಖದಲ್ಲಿ ಕಾಣಿಸಿಕೊಳ್ಳುತ್ತದೆ.

ಮೂರನೆಯದು ಬ್ರಷ್ಷು. ಅಂಗಡಿಯಲ್ಲಿ ಎರಡು ಬ್ರಷ್ಷುಗಳು ನೋಡಲು ಒಂದೇ ತರಹ ಇರುತ್ತವೆ. ಒಂದರ ಕೂದಲು ಗಿಡ್ಡ, ಬಿರುಸು. ಅದು ಫರಸಿ, ಸಿಮೆಂಟು ನೆಲಗಳಿಗೆ. ಇನ್ನೊಂದರ ಕೂದಲು ಉದ್ದ, ಮೆತ್ತಗೆ, ದಟ್ಟ, ಸಾಬೂನಿನ ನೀರು ಇಳಿಯಲು ನಡುವೆ ತೂತುಗಳಿರುತ್ತವೆ, ಅದು ಹಾಸಿಗೆ. ಸಾಣೆಯ ಪುಡಿ ಬೆರೆಸಿದ ಕೂದಲಿನ ಬ್ರಷ್ಷುಗಳೂ ಇವೆ. ಅವು ಸಿಮೆಂಟಿಗೆ ಮಾತ್ರ, ಹಾಸಿಗೆ ಎಂದೆಂದೂ ಅಲ್ಲ. ನೈಲಾನು ಲೋಕಕ್ಕೆ ಮೊದಲು ಬಂದುದು ಸೀರೆಯಾಗಿ ಅಲ್ಲ, ಕಾಲುಚೀಲವಾಗಿಯೂ ಅಲ್ಲ. 1938ರಲ್ಲಿ ಅಮೆರಿಕೆಯಲ್ಲಿ ಹಲ್ಲುಜ್ಜುವ ಬ್ರಷ್ಷಿನ ಕೂದಲಾಗಿ. ಒದ್ದೆಯಾದರೂ ಮತ್ತೆ ನೆಟ್ಟಗಾಗುವ ಗುಣವೇ ಅದಕ್ಕೆ ಕಾರಣ. ಹಾಸಿನ ಬ್ರಷ್ಷಿಗೂ ಮೆತ್ತಗಿನ ನೈಲಾನು ಒಳ್ಳೆಯದು. ತೆಂಗಿನ ನಾರಿನ ಕೈಬ್ರಷ್ಷು ಜಮಖಾನೆಗೆ ಸಾಕು, ಆದರೆ ನೆಯ್ಗೆಯ ಉದ್ದಕ್ಕೆ ಮಾತ್ರ ಎಳೆಯಬೇಕು. ಪರೀಕ್ಷೆ ಸುಲಭ: ಬ್ರಷ್ಷನ್ನು ಅಂಗೈ ಹಿಂಬದಿಯ ಮೇಲೆ ಒತ್ತಿ ಎಳೆಯಿರಿ, ಚರ್ಮ ಗೀರಿದರೆ ಉಣ್ಣೆಗೆ ಅದು ಬೇಡ. ಆಮೇಲೆ ಕಾಣದ ಮೂಲೆಯಲ್ಲಿ ಹತ್ತು ಸಲ ತಿಕ್ಕಿ ಬಿಳಿಯ ಬಟ್ಟೆಯಿಂದ ಒರೆಸಿರಿ. ಬಟ್ಟೆಗೆ ಬಣ್ಣವಾಗಲಿ ಎಳೆಯಾಗಲಿ ಬಂದರೆ ಅಲ್ಲಿಗೇ ನಿಲ್ಲಿಸಬೇಕು.

ಇನ್ನು ಯಂತ್ರ. ಇದರ ಇತಿಹಾಸ ಬಹಳ ಹಳೆಯದಲ್ಲ. ಅಮೆರಿಕೆಯ ಮೆಲ್ವಿಲ್ ಬಿಸೆಲ್ 1876ರಲ್ಲಿ ಉರುಳುವ ಬ್ರಷ್ಷಿನ ಗುಡಿಸುವ ಯಂತ್ರಕ್ಕೆ ಪೇಟೆಂಟು ಪಡೆದ. 1889ರಲ್ಲಿ ಆತ ತೀರಿಕೊಂಡ ಮೇಲೆ ಆ ಕಾರಖಾನೆಯನ್ನು ನಡೆಸಿದವಳು ಆತನ ಹೆಂಡತಿ ಆ್ಯನಾ ಬಿಸೆಲ್. ನಮ್ಮ ಸಂಘದ ತಾಯಂದಿರಿಗೆ ಈ ಸಂಗತಿ ಬಹಳ ಹಿಡಿಸಿತು. 1901ರಲ್ಲಿ ಇಂಗ್ಲೆಂಡಿನ ಹ್ಯೂಬರ್ಟ್ ಸೆಸಿಲ್ ಬೂತ್ ಧೂಳನ್ನು ಊದುವ ಬದಲು ಹೀರುವ ಯಂತ್ರವನ್ನು ಮಾಡಿದ. ಇಂದಿನ ಯಂತ್ರಗಳಲ್ಲಿ ಗುಡಿಸುವುದು, ತಿಕ್ಕುವುದು, ಹೀರುವುದು ಎಂಬ ಈ ಕೆಲಸಗಳೇ ಬೇರೆ ಬೇರೆಯಾಗಿಯೋ ಕೂಡಿಯೋ ಇರುತ್ತವೆ.

ತಿಕ್ಕುವ ಯಂತ್ರಗಳಲ್ಲಿ ಮುಖ್ಯವಾದವು ಎರಡು. ಒಂದು, ಬೀಸುವ ಕಲ್ಲಿನಂತೆ ಒಂದೇ ದುಂಡು ಬ್ರಷ್ಷು ನೆಲದ ಮೇಲೆ ತಿರುಗುವುದು. ಹಾಸಿಗೆ ಇದರ ವೇಗ ನಿಮಿಷಕ್ಕೆ 150ರಿಂದ 180 ಸುತ್ತು ಸಾಕು. ಸಾವಿರ ಸುತ್ತಿನ ಯಂತ್ರಗಳು ನೆಲಕ್ಕೆ ಹೊಳಪು ಕೊಡಲು ಇರುವವು. ಗಿಡ್ಡ ಜುಂಗಿನ ನೈಲಾನು ಹಾಸಿನ ಮೇಲೆ ಕೊಳೆ ಹೆಪ್ಪುಗಟ್ಟಿದ್ದರೆ ಇದು ಚೆನ್ನಾಗಿ ಬಿಡಿಸುತ್ತದೆ. ಆದರೆ ಉದ್ದ ಜುಂಗನ್ನು ತಿರುಚಿ ಸುಳಿ ಬೀಳಿಸುತ್ತದೆ. ಕುಣಿಕೆಯ ನೆಯ್ಗೆಯಿದ್ದರೆ ಕುಣಿಕೆಗಳನ್ನು ಎಳೆದು ಹಾಕುತ್ತದೆ. ಕೈ ಹಿಡಿತವಿಲ್ಲದವರನ್ನು ಯಂತ್ರವೇ ಎಳೆದೊಯ್ಯುವುದೂ ಉಂಟು. ಇನ್ನೊಂದು, ಲಟ್ಟಣಿಗೆಯಂಥ ಎರಡು ಉರುಳೆ ಬ್ರಷ್ಷುಗಳು ಎದುರುಬದುರು ತಿರುಗುವುದು. ಇದು ಜುಂಗನ್ನು ಎರಡೂ ಕಡೆಯಿಂದ ಎಬ್ಬಿಸಿ ಬಾಚುತ್ತದೆ; ಬುಡದಲ್ಲಿಯ ಕೂದಲು, ಉಸುಕನ್ನು ಮೇಲೆತ್ತಿ ಪಕ್ಕದ ತಟ್ಟೆಗೆ ಹಾಕುತ್ತದೆ; ನೀರು ಕಡಿಮೆ ಬೇಡುತ್ತದೆ; ನಡೆಸುವುದೂ ಸುಲಭ. ನಮ್ಮ ಎರಿ ನಾಡಿನ ಕೊಳೆಗೆ ಇದೇ ಹೆಚ್ಚು ಯೋಗ್ಯವೆಂದು ನನ್ನ ಅಭಿಪ್ರಾಯ.

ತಿಕ್ಕಿದರೆ ಕೊಳೆ ಬಿಡುತ್ತದೆ, ಹೋಗುವುದಿಲ್ಲ. ಬಿಟ್ಟ ಕೊಳೆಯನ್ನು ಹೊರಗೆ ತೆಗೆಯಬೇಕು. ಅದಕ್ಕೆ ಶುದ್ಧ ನೀರನ್ನು ಸಿಂಪಡಿಸಿ ಕೂಡಲೇ ಹೀರಿಕೊಳ್ಳುವ ಯಂತ್ರ ಬೇಕು. ಇದಿಲ್ಲದೆ ಬರಿ ತಿಕ್ಕಿ ಬಿಟ್ಟರೆ ಸಾಬೂನಿನ ಜಿಗಿ ಉಳಿದು, ಎಂಟು ದಿನಗಳಲ್ಲಿ ಹಾಸು ಮೊದಲಿಗಿಂತ ಹೆಚ್ಚು ಕೊಳೆಯಾಗುತ್ತದೆ. ಬೋರಿನ ಗಡಸು ನೀರಿನಲ್ಲಿ ಸಾಬೂನು ಸುಣ್ಣದೊಡನೆ ಕೂಡಿ ಗಸಿಯಾಗುವುದರಿಂದ ಕ್ಷಾರವಿಲ್ಲದ ಡಿಟರ್ಜಂಟು ವಾಸಿ. ಉಣ್ಣೆಗೆ ಅಂಟವಾಳದ ನೊರೆಯೂ ಸಲ್ಲುತ್ತದೆ. ನಮ್ಮೂರಿನ ಹೆಸರು ಹೊತ್ತ ಹನಿ ನೀರಾವರಿ ಯೋಜನೆಯಿಂದ ಬೇರಿಗೆ ಬೇಕಾದಷ್ಟೇ ನೀರು ಎಂಬ ಮಾತು ನಮಗೆ ಹೊಸದಲ್ಲ. ಹಾಸಿಗೂ ಅದೇ ನಿಯಮ. ಒಂದು ದಿನದೊಳಗೆ ಒಣಗದ ಹಾಸಿಗೆ ಬೂಸು ಹಿಡಿಯುತ್ತದೆ. ಕಡೆಯದಾಗಿ ವಿದ್ಯುತ್ತಿನ ಮಾತು. ನೀರಿನಲ್ಲಿ ನಿಂತು ನಡೆಸುವ ಯಂತ್ರವಿದು. ಅರ್ಥಿಂಗ್ ಇಲ್ಲದ ಪ್ಲಗ್ಗು, ಗಾಯಗೊಂಡ ವೈರು ಇದ್ದಲ್ಲಿ ಯಂತ್ರವನ್ನು ಹಚ್ಚಲೇಬಾರದು. ಉದ್ದವಾದ ತೆಳ್ಳಗಿನ ವೈರಿನಿಂದ ವೋಲ್ಟೇಜು ಇಳಿದು ಮೋಟಾರು ಸುಡುವುದೂ ಉಂಟು.

ಇದನ್ನೆಲ್ಲ ವಿವರಿಸಿ ನಾನು ಸಂಘಕ್ಕೆ ಬರೆದುಕೊಟ್ಟ ಕ್ರಮ ಇದು. ಒದ್ದೆಯನ್ನೂ ಧೂಳನ್ನೂ ಹೀರುವ ಒಳ್ಳೆಯ ವ್ಯಾಕ್ಯೂಮ್ ಯಂತ್ರವನ್ನು ಮೊದಲು ಕೊಳ್ಳುವುದು. ಅದರೊಂದಿಗೆ ಮೆತ್ತಗಿನ, ನಡುತರದ ಎರಡು ಕೈಬ್ರಷ್ಷುಗಳು. ಉರುಳೆ ಬ್ರಷ್ಷಿನ ಯಂತ್ರವನ್ನು ಕೆಲವು ತಿಂಗಳು ಬಾಡಿಗೆಗೆ ತಂದು ನೋಡಿ, ಕೆಲಸ ಸಿಕ್ಕರೆ ಮಾತ್ರ ಸಾಲ ಮಾಡುವುದು. ದುಂಡು ಬ್ರಷ್ಷಿನದು ಸದ್ಯಕ್ಕೆ ಬೇಡ. ಕೈನೆಯ್ಗೆಯ ಜಮಖಾನೆಗೂ ಕಂಬಳಿಗೂ ಯಂತ್ರ ಹಚ್ಚುವುದೇ ಬೇಡ. ಕೆಲಸ ಹಿಡಿಯುವ ಮೊದಲು ಎಳೆಯ ಪರೀಕ್ಷೆ, ಮೂಲೆಯ ಪರೀಕ್ಷೆ ಎರಡನ್ನೂ ಹಾಸಿನ ಒಡೆಯರ ಎದುರಿಗೇ ಮಾಡಿ ತೋರಿಸುವುದು, ಒಪ್ಪಿಗೆಯಿಲ್ಲದೆ ಮುಂದುವರಿಯಬಾರದು.

ಚಿಗವ್ವ ಇದನ್ನು ಓದಿಸಿಕೊಂಡು, “ಹಂಗಾದ್ರ ಸಾಲ ಅರ್ಧಕ್ಕ ಇಳೀತು” ಎಂದಳು. ಸಂಘದ ಮುಂದಿನ ಸಭೆಯಲ್ಲಿ ನಿರ್ಣಯವಾಗಬೇಕಾಗಿದೆ. ಈ ಪುಟಗಳನ್ನು ಓದುವ ಗುರುಗಳಲ್ಲಿ, ಮಿತ್ರರಲ್ಲಿ ಯಾರ ಮನೆಯಲ್ಲಾದರೂ ಹಿರಿಯರು ನೆಯ್ಸಿಟ್ಟ ಜಮಖಾನೆಯೊಂದು ಕೊಳೆಯಾಗಿ ಮೂಲೆ ಸೇರಿದ್ದರೆ, ಅದನ್ನು ಎಸೆಯುವ ಮುನ್ನ ಒಮ್ಮೆ ಹಗ್ಗದ ಮೇಲೆ ಹಾಕಿ ಬಡಿದು ನೋಡಬೇಕೆಂದು ನನ್ನ ವಿನಂತಿ. ಅರ್ಧ ಕೊಳೆ ಅಲ್ಲಿಯೇ ಉದುರೀತು.